ಮದುವೆಮನೆಯ ಬೆಳಗಿನ ತಿಂಡಿ: ಇಡ್ಲಿ, ನೂಪುಟ್ಟು, ಒಟ್ಟಿ, ಪಾಪುಟ್ಟು

ಕೊಡಗಿನ ಮದುವೆಯಲ್ಲಿ ಮಧ್ಯಾಹ್ನದ ಊಟಕ್ಕೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ), ಕೋಳಿ, ಅನ್ನ ಎಂದು ಪಟ್ಟಿ ಬಹುಪಾಲು ಮೊದಲೇ ನಿಂತಿರುತ್ತದೆ. ಮಾತು ಬೆಳೆಯುವುದು ಬೆಳಗಿನ ತಿಂಡಿಗೆ ಬಂದಾಗ. ನಮ್ಮ ಕುಟುಂಬದ ಮದುವೆಗಳಲ್ಲಿ ಈ ಹೊಣೆ ನನ್ನ ಪಾಲಿಗೆ ಬಂದ ಮೇಲೆ ಒಂದೊಂದು ಸಲ ಒಂದೊಂದನ್ನು ಮಾಡಿಸಿ, ಬಡಿಸಿ, ಎಲೆಯಲ್ಲಿ ಉಳಿದದ್ದನ್ನೂ ಗಮನಿಸಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ.

ನಮ್ಮ ಮುಹೂರ್ತದ ರೀತಿಯೇ ತಿಂಡಿಯನ್ನು ನಿರ್ಧರಿಸುತ್ತದೆ. ಬಂದವರು ಒಬ್ಬೊಬ್ಬರಾಗಿ ಸಾಲಿನಲ್ಲಿ ಹೋಗಿ, ಕುಳಿತ ವಧೂವರರ ಮಂಡಿಗೆ, ಭುಜಕ್ಕೆ, ತಲೆಗೆ ಅಕ್ಕಿ ಹಾಕಿ, ಕಿಂಡಿಯಿಂದ (ಮೂತಿಯಿರುವ ಚಿಕ್ಕ ಪಾತ್ರೆ) ಹಾಲು ಕುಡಿಸಿ, ಕೈಗೆ ಹಣ ಕೊಟ್ಟು ಹರಸಬೇಕು. ಕೆಲವರು ತಿಂದು ಸಾಲಿಗೆ ನಿಲ್ಲುತ್ತಾರೆ, ಕೆಲವರು ಹರಸಿ ಬಂದು ತಿನ್ನುತ್ತಾರೆ, ಮೈಸೂರಿನಿಂದ ಹೊರಟವರು ಇವರೆಲ್ಲರ ನಡುವೆ ಬಂದು ಸೇರುತ್ತಾರೆ. ಹಾಗಾಗಿ ಒಂದೇ ಪಂಕ್ತಿಯಲ್ಲಿ ಮುಗಿಯುವ ತಿಂಡಿ ಇದಲ್ಲ. ಎರಡು ಮೂರು ಗಂಟೆ ಕಾಯಬೇಕಾದ ತಿಂಡಿ. ಹಬೆಯಿಂದ ಇಳಿಸಿದ ಕ್ಷಣ ಹೇಗಿದೆ ಎನ್ನುವುದಕ್ಕಿಂತ ಒಂದು ಗಂಟೆಯ ಮೇಲೆ ಹೇಗಿರುತ್ತದೆ ಎಂದು ನಾನು ನೋಡುತ್ತೇನೆ.

ಇಡ್ಲಿ ವಡೆ ಎಲ್ಲರಿಗೂ ಒಗ್ಗುತ್ತದೆ, ಹೊರಗಿನಿಂದ ಬಂದ ಅಡುಗೆಯವರಿಗೂ ಕೈಗೆ ಪಳಗಿದ ಕೆಲಸ. ಏಪ್ರಿಲ್, ಮೇ ತಿಂಗಳ ಮದುವೆಗೆ ನನ್ನ ತಕರಾರಿಲ್ಲ. ಡಿಸೆಂಬರ್, ಜನವರಿಯಲ್ಲಿ ಮಾತ್ರ ಮಡಿಕೇರಿ ಕಡೆಯ ಚಳಿಗೆ ಹಿಟ್ಟು ಉಬ್ಬುವುದೇ ಇಲ್ಲ. ಪಾತ್ರೆಗೆ ಗೋಣಿಚೀಲ ಸುತ್ತಿ ಒಲೆಯ ಬಳಿ ಇಟ್ಟು ಬೆಳಗಿನ ಜಾವ ಮುಚ್ಚಳ ತೆಗೆದರೆ ರಾತ್ರಿ ಇದ್ದಷ್ಟೇ ಇರುತ್ತದೆ. ಆಗ ಬೇಯಿಸಿದ ಇಡ್ಲಿ ಗಟ್ಟಿ. ಮದುವೆಯ ಹಿಂದಿನ ರಾತ್ರಿ ಹಿಟ್ಟಿನ ಚಿಂತೆಯಲ್ಲಿ ಯಾರೂ ನಿದ್ದೆಗೆಡಬೇಕಿಲ್ಲ.

ನೂಪುಟ್ಟು ಎಂದರೆ ನನಗೆ ಪ್ರಾಣ. ಹುರಿದ ಅಕ್ಕಿಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತೊಳಸಿ, ಉಂಡೆ ಕಟ್ಟಿ ಬೇಯಿಸಿ, ಬಿಸಿ ಆರುವ ಮೊದಲೇ ಶಾವಿಗೆ ಒರಳಿಗೆ ಹಾಕಿ ಒತ್ತಬೇಕು. ಉಂಡೆ ಸ್ವಲ್ಪ ತಣಿದರೂ ಒರಳು ಮುಂದಕ್ಕೆ ಹೋಗುವುದಿಲ್ಲ, ಒತ್ತುವವರ ತೋಳು ಸೋಲುತ್ತದೆ. ಬಾಳೆ ಎಲೆಯ ಮೇಲೆ ಬೆಳ್ಳಗೆ ಸುರುಳಿ ಸುರುಳಿಯಾಗಿ ಬಿದ್ದ ಎಳೆಗಳಿಗೆ ಕೋಳಿ ಕರಿಯ ರಸ ಹಾಕಿದರೆ ಒಂದೊಂದು ಎಳೆಯೂ ಅದನ್ನು ಹೀರಿಕೊಳ್ಳುತ್ತದೆ. ಮಕ್ಕಳಿಗೆ ಕಾಯಿಹಾಲು, ಬೆಲ್ಲದ ಪಾಕ. ಮೊದಲ ಹತ್ತು ನಿಮಿಷ ಇದಕ್ಕೆ ಸಾಟಿಯಿಲ್ಲ. ಆಮೇಲೆ ಮಂಟಪದ ಗಾಳಿಗೆ ಮೇಲಿನ ಎಳೆಗಳು ಒಣಗಿ ಚುಚ್ಚತೊಡಗುತ್ತವೆ. ಮುಚ್ಚಿಟ್ಟರೆ ಅಡಿಯವು ಬೆವರಿ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ನೂರು ಜನರ ಒಳಗಿನ ಮನೆಯಂಗಳದ ಮದುವೆಗೆ, ಒತ್ತಲು ಗಟ್ಟಿ ಕೈಗಳಿದ್ದರೆ ಖಂಡಿತ ಮಾಡಿಸಿ. ಮುನ್ನೂರು ಜನರ ಮಂಟಪಕ್ಕೆ ಬೇಡ.

ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಎಳ್ಳು ಪಜ್ಜಿ (ಎಳ್ಳಿನ ಚಟ್ನಿ), ಬೆಣ್ಣೆ, ಜೇನು. ಬಾಯಲ್ಲಿ ನೀರೂರುತ್ತದೆ, ನಿಜ. ಆದರೆ ಒಂದೊಂದಾಗಿ ತಟ್ಟಿ ಸುಡಬೇಕು, ಆರಿದರೆ ಬಿರುಸಾಗುತ್ತದೆ. ಅದು ಮನೆಯ ತಿಂಡಿಯಾಗಿಯೇ ಇರಲಿ.

ಬಿಸಿ ಹಿಡಿದಿಡುವುದರಲ್ಲಿ ಕಡಂಬುಟ್ಟು ಎಲ್ಲಕ್ಕಿಂತ ಮೇಲು ಎಂದು ಹಿರಿಯರು ಹೇಳುತ್ತಾರೆ. ಒಪ್ಪುತ್ತೇನೆ. ಹಿಂದಿನ ರಾತ್ರಿ ಪಂದಿ ಕರಿಯೊಂದಿಗೆ ಅದೇ, ಮಧ್ಯಾಹ್ನವೂ ಅದೇ ಇರುವಾಗ ಬೆಳಿಗ್ಗೆಯೂ ಬಡಿಸಿದರೆ ಮಧ್ಯಾಹ್ನದ ಕಡಂಬುಟ್ಟಿನ ಮೇಲೆ ಯಾರಿಗೆ ಆಸೆ ಉಳಿದೀತು?

ನನ್ನ ಆಯ್ಕೆ ಪಾಪುಟ್ಟು. ಒಂದು ಲೋಟ ಅಕ್ಕಿ ತರಿಗೆ ಒಂದು ಲೋಟ ಹಾಲು, ಒಂದು ಲೋಟ ನೀರು, ಅರ್ಧ ಲೋಟ ತೆಂಗಿನ ತುರಿ, ರುಚಿಗೆ ಉಪ್ಪು, ಒಂದೆರಡು ಚಮಚ ಸಕ್ಕರೆ. ಕಲಸಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ತಟ್ಟೆಗೆ ಹೊಯ್ದು ಹಬೆಯಲ್ಲಿ ಸುಮಾರು ಇಪ್ಪತ್ತು ನಿಮಿಷ ಬೇಯಿಸಿದರಾಯಿತು. ಹುದುಗು ಬೇಡ, ಒತ್ತುವ ಕೆಲಸವಿಲ್ಲ. ಹೊಯ್ಯುವಾಗ ಪ್ರತಿ ಸಲ ಸೌಟನ್ನು ತಳದಿಂದ ತಿರುವಬೇಕು. ಇಲ್ಲವಾದರೆ ತರಿಯೆಲ್ಲ ಅಡಿಗೆ ಕೂತು ಮೊದಲ ತಟ್ಟೆ ನೀರು, ಕೊನೆಯ ತಟ್ಟೆ ಕಲ್ಲು. ಬೆಂದದ್ದನ್ನು ಕತ್ತರಿಸಿ, ಬಾಳೆ ಎಲೆ ಹಾಸಿದ ಪಾತ್ರೆಯಲ್ಲಿ ಬಟ್ಟೆ ಮುಚ್ಚಿಟ್ಟರೆ ಗಂಟೆ ಕಳೆದರೂ ಮೆತ್ತಗೇ ಇರುತ್ತದೆ. ಹಲ್ಲಿಲ್ಲದ ಅಜ್ಜಿಯಂದಿರೂ ಸಲೀಸಾಗಿ ತಿನ್ನುತ್ತಾರೆ. ಅದರ ನವಿರಾದ ಸಿಹಿಗೆ ಖಾರದ ಕೋಳಿ ಕರಿ ಚೆನ್ನಾಗಿ ಹೊಂದುತ್ತದೆ. ಮಾಂಸ ತಿನ್ನದವರಿಗೆ ಕಡಲೆ ಕರಿ ಮಾಡಿಸಿ. ತೆಂಗು ಪಾಪುಟ್ಟಿನಲ್ಲೇ ಇರುವುದರಿಂದ ಕರಿಗೆ ಕಾಯಿ ಕಡಿಮೆ ಮಾಡಿಸಿ.

ಇದಕ್ಕೂ ಒಂದು ತೊಡಕಿದೆ. ಹಾಲು, ತೆಂಗು ಎರಡೂ ಇರುವ ಹಿಟ್ಟು ಮೇ ತಿಂಗಳ ಬಿಸಿಲೇರಿದರೆ ಹುಳಿಯಾಗುತ್ತದೆ. ತರಿಯನ್ನು ಮಾತ್ರ ಅಳೆದಿಟ್ಟುಕೊಂಡು, ಒಂದು ಒಬ್ಬೆ ಇಳಿಯುವ ಹೊತ್ತಿಗೆ ಮುಂದಿನದಕ್ಕೆ ಹಾಲು ಬೆರೆಸಿ. ತೆಂಗನ್ನು ಹಿಂದಿನ ರಾತ್ರಿಯೇ ತುರಿದಿಡಲು ಅಡುಗೆಯವರು ಮುಂದಾದರೆ ಒಪ್ಪಬೇಡಿ. ಹಾಲಿಗೆ ಹೇಳುವಾಗ ಪಾಪುಟ್ಟಿನ ಲೆಕ್ಕ, ಕಾಫಿಯ ಲೆಕ್ಕ ಬೇರೆ ಬೇರೆ ಬರೆಸಿ, ಕ್ಯಾನುಗಳನ್ನೂ ಬೇರೆಯೇ ಇಡಿಸಿ. ಒಟ್ಟಿಗಿಟ್ಟರೆ ಹತ್ತು ಗಂಟೆಯ ಹೊತ್ತಿಗೆ ಕಾಫಿಗೆ ಹಾಲಿರುವುದಿಲ್ಲ, ಕಾಫಿ ತೋಟದ ನಡುವಿನ ಮದುವೆಯಲ್ಲಿ ಅದನ್ನು ಯಾರೂ ಕ್ಷಮಿಸುವುದಿಲ್ಲ.