“ಮಾಸ್ಟರ್” ಅನ್ನುವ ಪದ ನಂಬಿ ದೇಶ ಆರಿಸಿದೆ, ನೀವು ಹಾಗೆ ಮಾಡಬೇಡಿ

ಮಿಲಾನ್‌ನ ಸರ್ಕಾರಿ ವಿಶ್ವವಿದ್ಯಾಲಯವೊಂದರ ಪ್ರವೇಶ ಕಚೇರಿ. ಗಾಜಿನ ಆಚೆ ಕೂತಿದ್ದ ಹಿರಿಯ ಮಹಿಳೆ ನನ್ನ ಪ್ರಮಾಣಪತ್ರವನ್ನು ಎರಡು ಸಲ ಓದಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು. ಆಮೇಲೆ ಪೆನ್ನಿನ ತುದಿಯನ್ನು ಕೊನೆಯ ಸಾಲಿನ ಕೆಳಗಿಟ್ಟು ಹೇಳಿದರು: “ಇದು ಅತ್ತೆಸ್ತಾತೊ. ಕೋರ್ಸಿಗೆ ಹಾಜರಾಗಿದ್ದೀರಿ ಅಂತ ಬರೆದಿದ್ದಾರೆ. ಇದು ಪದವಿ ಅಲ್ಲ.”

ನಾನು ಕೇಳಲು ಹೋಗಿದ್ದು ಸಣ್ಣ ವಿಷಯ. ಖಾಸಗಿ ಡಿಸೈನ್ ಶಾಲೆಯೊಂದರಲ್ಲಿ ಒಂದು ವರ್ಷದ ಮಾಸ್ಟರ್ ಮುಗಿಸಿದ್ದೆ. ಇನ್ನೊಂದು ವರ್ಷ ಓದಿದರೆ ಎರಡು ವರ್ಷದ ಸ್ನಾತಕೋತ್ತರ ಪದವಿ ಆಗುತ್ತದಲ್ಲ, ನೇರ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುತ್ತೀರಾ ಅಂತ ಕೇಳುವುದಿತ್ತು. ನನ್ನ ಲೆಕ್ಕದಲ್ಲಿ ಕೈಯಲ್ಲಿ 60 ಕ್ರೆಡಿಟ್ ಇತ್ತು. ಅವರ ಲೆಕ್ಕದಲ್ಲಿ ಒಂದೂ ಇರಲಿಲ್ಲ. ಆ ಮಹಿಳೆ ಒರಟಾಗಿ ಮಾತಾಡಲಿಲ್ಲ. “ನಿಮ್ಮ ಹಾಗೆ ಪ್ರತಿ ವರ್ಷ ಬರುತ್ತಾರೆ” ಅಂದರು. ಪ್ರಮಾಣಪತ್ರವನ್ನು ನಾನು ತಂದಿದ್ದ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿ ಸೇರಿಸಿ ವಾಪಸ್ ಕೊಟ್ಟರು.

ಕಲೆ, ಡಿಸೈನ್, ಆರ್ಕಿಟೆಕ್ಚರ್ ಓದಲು ಯಾವ ದೇಶಕ್ಕೆ ಹೋಗೋಣ ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅರ್ಜಿ ಹಾಕುವ ಮುಂಚೆ ಇಷ್ಟು ಯಾರಾದರೂ ಹೇಳಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು, ಸಾಲವೂ ಉಳಿಯುತ್ತಿತ್ತು.

ಇಟಲಿಯ ಹುಚ್ಚು ನನಗೆ ಹಿಡಿದದ್ದು ಒಂದು ದೀಪದಿಂದ. ಆರ್ಕಿಟೆಕ್ಚರ್ ಎರಡನೇ ವರ್ಷದಲ್ಲಿ ಮೇಷ್ಟ್ರೊಬ್ಬರು ಆರ್ಕೊ ದೀಪದ ಚಿತ್ರ ತೋರಿಸಿದ್ದರು. ಅಕಿಲೆ ಮತ್ತು ಪಿಯೆರ್ ಜಾಕೊಮೊ ಕಾಸ್ತಿಲ್ಯೋನಿ ಸೋದರರು 1962ರಲ್ಲಿ ಮಾಡಿದ್ದು. ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಕಂಬ, ಬುಡದಲ್ಲಿ ಸುಮಾರು 65 ಕಿಲೊ ತೂಕದ ಅಮೃತಶಿಲೆ. ಆ ಕಲ್ಲಿನಲ್ಲಿ ಒಂದು ತೂತಿದೆ. ಪೊರಕೆ ಕೋಲನ್ನು ಅದರೊಳಗೆ ತೂರಿಸಿ ಇಬ್ಬರು ಆಚೀಚೆ ಹಿಡಿದರೆ ದೀಪ ಎತ್ತಬಹುದು. ಕಾಲಿಗೆ ತಗುಲಿದರೆ ನೋಯದ ಹಾಗೆ ಕಲ್ಲಿನ ಮೂಲೆಗಳನ್ನು ತರಿದಿದ್ದಾರೆ. ಎತ್ತುವವರನ್ನೂ ಎಡವುವವರನ್ನೂ ಮೊದಲೇ ನೆನೆದು ಒಂದು ವಸ್ತು ಮಾಡಬಹುದು ಅಂತ ಆವತ್ತು ಗೊತ್ತಾಯಿತು. ಇಂಥದ್ದನ್ನು ಯೋಚಿಸಲು ಕಲಿಸುವ ಊರಿನಲ್ಲೇ ಓದಬೇಕು ಅಂತ ಆವತ್ತೇ ನಿಶ್ಚಯಿಸಿಬಿಟ್ಟೆ.

ಐದು ವರ್ಷದ ಪದವಿ ಮುಗಿಯಿತು. ಕನ್ಸಲ್ಟೆನ್ಸಿಯವರು ಕೊಟ್ಟ ಬ್ರೋಷರಿನ ಎರಡನೇ ಪುಟದಲ್ಲೇ ಆ ದೀಪ ಇತ್ತು. ಪಕ್ಕದಲ್ಲಿ ಇಟಲಿಯ ಹೆಸರಾಂತ ಆರ್ಕಿಟೆಕ್ಟ್ ಜಿಯೊ ಪಾಂಟಿಯ ಫೋಟೊ. ನೋಡಿದ ಕೂಡಲೇ ಮನಸ್ಸು ಮಾಡಿಬಿಟ್ಟೆ. ಪಾಂಟಿ 1921ರಲ್ಲಿ, ಅಕಿಲೆ ಕಾಸ್ತಿಲ್ಯೋನಿ 1944ರಲ್ಲಿ ಪದವಿ ಪಡೆದದ್ದು ಮಿಲಾನ್‌ನ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ (ನಮ್ಮ ಕಡೆಯ ಹಾಗೆ ಡಿಪ್ಲೊಮಾ ಕಾಲೇಜಲ್ಲ, ಅದು ವಿಶ್ವವಿದ್ಯಾಲಯ), ಅದೂ ಆರ್ಕಿಟೆಕ್ಚರ್‌ನಲ್ಲಿ. ಬ್ರೋಷರ್ ಅಚ್ಚು ಹಾಕಿಸಿದ ಶಾಲೆಗೂ ಅವರಿಗೂ ಯಾವ ಸಂಬಂಧವೂ ಇಲ್ಲ. ಒಂದು ಊರಿನ ಕೀರ್ತಿಯನ್ನು ಆ ಊರಲ್ಲಿ ಬಾಡಿಗೆಗೆ ಕಟ್ಟಡ ಹಿಡಿದ ಯಾರು ಬೇಕಾದರೂ ತಮ್ಮದೆಂಬಂತೆ ಹಾಕಿಕೊಳ್ಳಬಹುದು. ಇದು ನನಗೆ ಹೊಳೆಯಲೇ ಇಲ್ಲ.

“ಮೇಡಂ, ಸರ್ಕಾರಿ ಕಡೆ ಹೋದ್ರೆ ಎರಡು ವರ್ಷ. ಇಲ್ಲಿ ಒಂದೇ ವರ್ಷಕ್ಕೆ ಮಾಸ್ಟರ್. ಇಂಟರ್ನ್‌ಶಿಪ್ ಅವರೇ ಕೊಡಿಸ್ತಾರೆ” ಅಂದರು ಕನ್ಸಲ್ಟೆನ್ಸಿಯವರು. ಸೀಟಿಗೆ ಇಷ್ಟು ಅಂತ ಶಾಲೆಯಿಂದ ಅವರಿಗೆ ಕಮಿಷನ್ ಹೋಗುತ್ತದೆ ಅನ್ನುವುದು ಗೊತ್ತಾದದ್ದು ಆಮೇಲೆ. ಸರ್ಕಾರಿ ವಿಶ್ವವಿದ್ಯಾಲಯದ ಹೆಸರನ್ನು ಅವರು ತಾವಾಗಿ ಒಮ್ಮೆಯೂ ಎತ್ತಲಿಲ್ಲ. ನಾನೂ ಕೇಳುವುದನ್ನೆಲ್ಲ ಕೇಳಿದ್ದೆ. ಫೀಸ್ ಎಷ್ಟು, ಪಾಠ ಇಂಗ್ಲಿಷಲ್ಲಾ, ಎಷ್ಟು ತಿಂಗಳು, ವರ್ಕ್‌ಶಾಪ್ ಇದೆಯಾ, ಎಲ್ಲಕ್ಕೂ ಒಳ್ಳೆಯ ಉತ್ತರವೇ ಬಂತು. ಕೊನೆಗೆ ಕೈಗೆ ಬರುವ ಕಾಗದಕ್ಕೆ ಆ ದೇಶದ ಕಾನೂನಿನಲ್ಲಿ ಏನು ಹೆಸರು ಅನ್ನುವುದೊಂದನ್ನು ಕೇಳಿರಲಿಲ್ಲ.

ಇಟಲಿಯಲ್ಲಿ ಸ್ನಾತಕೋತ್ತರ ಪದವಿಯ ಹೆಸರು ಮಾಸ್ಟರ್ ಅಲ್ಲವೇ ಅಲ್ಲ. ಅದನ್ನು ಲೌರೆಯಾ ಮಜಿಸ್ತ್ರಾಲೆ ಅನ್ನುತ್ತಾರೆ. ಎರಡು ವರ್ಷ, 120 ಕ್ರೆಡಿಟ್. ಕಲಾ ಅಕಾಡೆಮಿಗಳು 1999ರ 508ನೇ ಕಾನೂನಿನಡಿ ಬರುತ್ತವೆ. ಅಲ್ಲಿ ಇದಕ್ಕೆ ಸಮನಾದದ್ದು ಎರಡನೇ ಹಂತದ ಅಕಾಡೆಮಿಕ್ ಡಿಪ್ಲೊಮಾ. ಹೆಸರಲ್ಲಿ ಡಿಪ್ಲೊಮಾ ಇದ್ದರೂ ಅದು ಪೂರ್ಣ ಪದವಿಯೇ. ಇನ್ನು ಮಾಸ್ಟರ್ ಉನಿವೆರ್ಸಿತಾರಿಯೊ ಅಂತ ಒಂದಿದೆ. ವಿಶ್ವವಿದ್ಯಾಲಯವೇ ಕೊಡುವುದು, ಕನಿಷ್ಠ 60 ಕ್ರೆಡಿಟ್. ಅದೊಂದನ್ನೇ ಹಿಡಿದುಕೊಂಡು ಪಿಎಚ್‌ಡಿಗೆ ಹೋಗಲಾಗುವುದಿಲ್ಲ, ಆದರೂ ಕಾನೂನಿನಲ್ಲಿ ಅದಕ್ಕೊಂದು ಜಾಗ ಇದೆ. ಇವುಗಳಲ್ಲಿ ಯಾವುದೂ ಅಲ್ಲದ, ಹಿಂದೆ ಮುಂದೆ ಏನೂ ಇಲ್ಲದ ಬರೀ “ಮಾಸ್ಟರ್” ಅನ್ನುವುದು ಶಾಲೆ ತನ್ನ ಕೋರ್ಸಿಗೆ ತಾನೇ ಇಟ್ಟುಕೊಂಡ ಹೆಸರು. ನಾನು ಸೇರಿದ್ದು ಅದಕ್ಕೆ. ನಮ್ಮ ಕಡೆ ಡಿಪ್ಲೊಮಾ ಅಂದರೆ ಪದವಿಗಿಂತ ಚಿಕ್ಕದು, ಮಾಸ್ಟರ್ ಅಂದರೆ ದೊಡ್ಡದು. ಅದೇ ಅಳತೆ ಹಿಡಿದು ಅಲ್ಲಿಗೆ ಹೋದವರು ಅಕಾಡೆಮಿಯ ನಿಜವಾದ ಪದವಿಯನ್ನು ಬಿಟ್ಟು ಇದನ್ನೇ ಆರಿಸಿಕೊಳ್ಳುತ್ತಾರೆ. ನನ್ನ ತರಗತಿಯಲ್ಲಿದ್ದ 19 ಜನರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ.

ವೆಬ್‌ಸೈಟಿನಲ್ಲಿ “ಸಚಿವಾಲಯದಿಂದ ಮಾನ್ಯತೆ ಪಡೆದ ಸಂಸ್ಥೆ” ಅಂತ ಬರೆದಿದ್ದರು. ಅದು ಸುಳ್ಳೂ ಅಲ್ಲ. ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ನಡೆಯುತ್ತಿದ್ದ ಮೂರು ವರ್ಷದ ಕೋರ್ಸಿಗೆ ಮಾನ್ಯತೆ ಇತ್ತು, ಮೇಲಿನ ಮಹಡಿಯ ನಮ್ಮ ಕೋರ್ಸಿಗೆ ಇರಲಿಲ್ಲ. ಮಾನ್ಯತೆ ಸಿಗುವುದು ಕೋರ್ಸಿಗೆ, ಕಟ್ಟಡಕ್ಕಲ್ಲ. ದಯವಿಟ್ಟು ಇದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ಖಾಸಗಿ ಶಾಲೆ ಅಂದ ಮಾತ್ರಕ್ಕೆ ಮೋಸ ಅಂತಲೂ ತಿಳಿಯಬೇಡಿ, ಮಾನ್ಯ ಪದವಿ ಕೊಡುವ ಖಾಸಗಿ ಶಾಲೆಗಳು ಅಲ್ಲಿ ಇವೆ.

ವೀಸಾ ಸಿಕ್ಕಿತಲ್ಲ, ಮಾನ್ಯತೆ ಇಲ್ಲದಿದ್ದರೆ ರಾಯಭಾರ ಕಚೇರಿಯವರು ಕೊಡುತ್ತಿದ್ದರೇ ಅಂತ ಅಪ್ಪ ಕೇಳಿದ್ದರು. ನಾನೂ ಹಾಗೇ ನಂಬಿದ್ದೆ. ವಿಶ್ವವಿದ್ಯಾಲಯದ ಕೋರ್ಸ್ ಅಲ್ಲದಿದ್ದರೂ ಇಟಲಿಗೆ ವಿದ್ಯಾರ್ಥಿ ವೀಸಾ ಸಿಗುತ್ತದೆ. ನೀವು ನಿಜವಾಗಿ ಓದಲು ಬರುತ್ತಿದ್ದೀರಾ, ಖರ್ಚಿಗೆ ದುಡ್ಡಿದೆಯಾ, ಇರಲು ಜಾಗ ಇದೆಯಾ ಅಂತ ನೋಡುತ್ತಾರೆ. ನಿಮ್ಮ ಕೋರ್ಸ್ ಪದವಿಯೋ ಅಲ್ಲವೋ ಅಂತ ನಿಮಗೆ ತಿಳಿಸುವುದು ಅವರ ಕೆಲಸವಲ್ಲ.

ಪಾಠ ಕೆಟ್ಟದಾಗಿತ್ತು ಅಂತ ಹೇಳಿದರೆ ತಪ್ಪಾಗುತ್ತದೆ. ಮಿಲಾನ್‌ನ ಉತ್ತರಕ್ಕಿರುವ ಬ್ರಿಯಾಂಜಾ ಮರಗೆಲಸಕ್ಕೆ ಹೆಸರಾದ ಸೀಮೆ. ಅಲ್ಲಿನ ಒಂದು ವರ್ಕ್‌ಶಾಪಿಗೆ ನಮ್ಮನ್ನು ಕರೆದೊಯ್ದಿದ್ದರು. ಅಲ್ಲಿದ್ದ ಬಡಗಿ ನನ್ನ ಕುರ್ಚಿಯ ಡ್ರಾಯಿಂಗ್ ನೋಡಿ, ಏನೂ ಹೇಳದೆ, ಕಾಲೂ ಅಡ್ಡಪಟ್ಟಿಯೂ ಸೇರುವ ಕಡೆ ಹೆಬ್ಬೆರಳಿಟ್ಟು ಒತ್ತಿ ತೋರಿಸಿದರು. ಮರದ ಎಳೆ ಅಡ್ಡಡ್ಡ ಹೋಗುತ್ತಿತ್ತು, ಕೂತರೆ ಅಲ್ಲೇ ಸೀಳುತ್ತಿತ್ತು. ಕಾಲೇಜಿನಲ್ಲಿ ನಮ್ಮ ಡ್ರಾಯಿಂಗ್ ಪರೀಕ್ಷಿಸುವ ಜ್ಯೂರಿಗಳಲ್ಲಿ ಐದು ವರ್ಷ ಯಾರೂ ಅದನ್ನು ಹಿಡಿದಿರಲಿಲ್ಲ. ಏಪ್ರಿಲಿನಲ್ಲಿ ಸಲೋನೆ ದೆಲ್ ಮೊಬಿಲೆ ಮೇಳ ನಡೆಯಿತು. 1961ರಿಂದ ನಡೆದು ಬಂದಿರುವ ಪೀಠೋಪಕರಣ ಮೇಳ ಅದು. ಆ ವಾರ ಊರಿಗೆ ಊರೇ ಪ್ರದರ್ಶನವಾಗುತ್ತದೆ, ನಾನು ಕಾಲು ಬೊಬ್ಬೆ ಬರುವಷ್ಟು ಅಲೆದೆ. ಕಲಿತದ್ದೆಲ್ಲ ನಿಜ. ಹಾಗಾಗಿಯೇ ಅನುಮಾನ ಬರಲಿಲ್ಲ.

ಪೆಟ್ಟು ಬಿದ್ದದ್ದು ಕೋರ್ಸ್ ಮುಗಿದ ಮೇಲೆ. ಇಟಲಿಯಲ್ಲಿ ಪದವಿ ಪಡೆದ ವಿದೇಶಿ ವಿದ್ಯಾರ್ಥಿಗಳು ಕೆಲಸ ಹುಡುಕಲು 12 ತಿಂಗಳವರೆಗೆ ಉಳಿದುಕೊಳ್ಳುವ ಅನುಮತಿ ಕೇಳಬಹುದು. ಲೌರೆಯಾ ಆದವರಿಗೆ, ಅಕಾಡೆಮಿ ಡಿಪ್ಲೊಮಾ ಆದವರಿಗೆ, ಮಾಸ್ಟರ್ ಉನಿವೆರ್ಸಿತಾರಿಯೊ ಆದವರಿಗೂ ಅದು ಉಂಟು. ನನ್ನ ಕಾಗದಕ್ಕೆ ಇರಲಿಲ್ಲ. ಇಂಟರ್ನ್‌ಶಿಪ್ ಮಾಡಿದ್ದ ಸ್ಟುಡಿಯೊದವರು ಕೆಲಸ ಕೊಡಲು ತಯಾರಿದ್ದರು, ಆದರೆ ಅಲ್ಲಿ ಇರಲು ನನಗಿದ್ದ ಪರ್ಮಿಟ್ ಮುಗಿಯಲು ಆರೇ ವಾರ ಉಳಿದಿತ್ತು. ಆ ಆರು ವಾರ ನಾನು ಹಗಲು ಡ್ರಾಯಿಂಗ್ ಮಾಡುತ್ತಾ, ರಾತ್ರಿ ವಕೀಲರಿಗೆ ಈಮೇಲ್ ಬರೆಯುತ್ತಾ ಕಳೆದೆ. ಆಮೇಲೆ ಸಾಮಾನು ಕಟ್ಟಿದೆ.

ಶಾಲೆಗೆ ಹೋಗಿ ಜಗಳ ಮಾಡಿದ್ದೂ ಆಯಿತು. ಅವರು ನಾನೇ ಸಹಿ ಹಾಕಿದ್ದ ಒಪ್ಪಂದ ತೆಗೆದಿಟ್ಟರು. ಇಂಗ್ಲಿಷ್ ಪ್ರತಿಯಲ್ಲಿ “ಕೋರ್ಸಿನ ಕೊನೆಗೆ ಶಾಲೆಯ ಮಾಸ್ಟರ್ ಪ್ರಮಾಣಪತ್ರ ನೀಡಲಾಗುವುದು” ಅಂತಿತ್ತು. ಇಟಾಲಿಯನ್ ಪ್ರತಿಯಲ್ಲಿ ಅದೇ ವಾಕ್ಯಕ್ಕೆ ಇನ್ನೊಂದು ತುಂಡು ಸೇರಿತ್ತು: ಈ ಪತ್ರಕ್ಕೆ ವಲೋರೆ ಲೆಗಾಲೆ ಇಲ್ಲ, ಅಂದರೆ ಪದವಿಗಿರುವ ಕಾನೂನುಬದ್ಧ ಬೆಲೆ ಇಲ್ಲ ಅಂತ. ಎರಡು ಪ್ರತಿಗಳ ನಡುವೆ ವ್ಯತ್ಯಾಸ ಬಂದರೆ ಇಟಾಲಿಯನ್ನೇ ಅಂತಿಮ ಅಂತ ಕೊನೆಯ ಪುಟದಲ್ಲಿತ್ತು. ಆ ಪುಟದಲ್ಲೂ ನನ್ನ ಸಹಿ ಇದೆ.

ಇದು ಇಟಲಿಗೆ ಮಾತ್ರ ಸೇರಿದ್ದಲ್ಲ. ಸ್ಪೇನ್‌ನಲ್ಲಿ “ಮಾಸ್ತೆರ್ ಪ್ರೊಪಿಯೊ” ಅಂದರೆ ಸಂಸ್ಥೆಯ ಸ್ವಂತ ಕೋರ್ಸ್, “ಮಾಸ್ತೆರ್ ಉನಿವೆರ್ಸಿತಾರಿಯೊ” ಅಂದರೆ ಸರ್ಕಾರದ ದಾಖಲೆಯಲ್ಲಿರುವ ಪದವಿ. ಅದರೊಳಗೂ ಆರ್ಕಿಟೆಕ್ಟ್ ಆಗಿ ಕೆಲಸ ಮಾಡುವ ಹಕ್ಕು ಕೊಡುವುದು “ಅಬಿಲಿತಾಂತೆ” ಅಂತ ಗುರುತಿರುವ ಮಾಸ್ತೆರ್ ಮಾತ್ರ. ಬ್ರಿಟನ್‌ನಲ್ಲಿ ಆರ್ಕಿಟೆಕ್ಟ್ ಅನ್ನುವ ಹೆಸರಿಗೇ 1997ರ ಕಾನೂನಿನ ಕಾವಲಿದೆ. ಎಆರ್‌ಬಿ ಅನ್ನುವ ಆರ್ಕಿಟೆಕ್ಟರ ನೋಂದಣಿ ಮಂಡಳಿಯಲ್ಲಿ ಹೆಸರು ದಾಖಲಾಗದೆ ಆ ಹೆಸರಿಟ್ಟುಕೊಂಡು ಕೆಲಸ ಮಾಡುವಂತಿಲ್ಲ. ಅಲ್ಲಿ ಎಂ.ಆರ್ಕ್ ಅಂತ ಒಂದೇ ಹೆಸರಿನ ಎರಡು ಕೋರ್ಸ್ ಸಿಗುತ್ತವೆ, ಒಂದು ನೋಂದಣಿಯ ದಾರಿಯಲ್ಲಿದೆ, ಇನ್ನೊಂದು ಇಲ್ಲ. ನೋಂದಣಿಗೆ ಭಾಗ ಒಂದು, ಎರಡು, ಮೂರು ಅಂತ ಮುಗಿಸಬೇಕಿದ್ದ ಹಳೆಯ ಕ್ರಮವನ್ನೂ ಈಗ ಬದಲಿಸುತ್ತಿದ್ದಾರೆ, ಹಾಗಾಗಿ ನಾಲ್ಕು ವರ್ಷದ ಹಿಂದಿನ ವಿಡಿಯೊ ನೋಡಿ ನಿರ್ಧಾರ ಮಾಡಬೇಡಿ. ಅಮೆರಿಕದಲ್ಲಿ ಆರ್ಕಿಟೆಕ್ಚರ್ ಪದವಿಗೆ ಮಾನ್ಯತೆ ಕೊಡುವುದು ನಾಬ್ ಅನ್ನುವ ಮಂಡಳಿ. ಎಂ.ಎಸ್. ಇನ್ ಆರ್ಕಿಟೆಕ್ಚರ್ ಅದರ ಪಟ್ಟಿಗೆ ಬರುವುದಿಲ್ಲ. ಅಲ್ಲಿ ಓದಿದ ಮೇಲೆ ಕೆಲಸಕ್ಕೆ ಸಿಗುವುದು 12 ತಿಂಗಳು. ಕೋರ್ಸಿನ ವಿಷಯವನ್ನು ಗುರುತಿಸುವ ಸಿಐಪಿ ಸಂಖ್ಯೆ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಮಾತ್ರ ಇನ್ನೂ 24 ತಿಂಗಳು ಕೇಳಬಹುದು. ಆ ಸಂಖ್ಯೆ ವೀಸಾಗೆಂದು ಶಾಲೆ ಕೊಡುವ ಐ-20 ಫಾರಂನಲ್ಲೇ ಇರುತ್ತದೆ. ಚಿತ್ರಕಲೆ, ಶಿಲ್ಪಕಲೆ ಆ ಪಟ್ಟಿಯಲ್ಲಿಲ್ಲ.

ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸೇ ಇಲ್ಲ ಅಂತ ಹೋಗುವವರು ಬಹಳ. ಫೀಸಿನ ಮಾತು ನಿಜ. ಆದರೆ ಆರ್ಕಿಟೆಕ್ಟ್ ಅಂತ ಕರೆಸಿಕೊಳ್ಳಬೇಕಾದರೆ ಆಯಾ ರಾಜ್ಯದ ಆರ್ಕಿಟೆಕ್ಟರ ಸಂಘದಲ್ಲಿ ಹೆಸರು ಹಾಕಿಸಬೇಕು, ಅದಕ್ಕೆ ಓದಿನ ಮೇಲೆ ಕೆಲಸದ ಅನುಭವ ಬೇಕು. ಅನುಭವ ಸಿಗಬೇಕಾದರೆ ಸೈಟಿನಲ್ಲಿ ಮೇಸ್ತ್ರಿಯ ಜೊತೆ, ನಗರಸಭೆಯ ಅಧಿಕಾರಿಯ ಜೊತೆ ಜರ್ಮನ್‌ನಲ್ಲಿ ಮಾತಾಡಬೇಕು. ನೆದರ್‌ಲ್ಯಾಂಡ್ಸ್‌ನಲ್ಲೂ ಪದವಿಯ ನಂತರ ಎರಡು ವರ್ಷದ ವೃತ್ತಿ ಅನುಭವ ಆಗಬೇಕು. ಇಂಗ್ಲಿಷಿನಲ್ಲಿ ಓದಬಹುದಾದ ದೇಶ ಅಂದರೆ ಇಂಗ್ಲಿಷಿನಲ್ಲಿ ಕಟ್ಟಡ ಕಟ್ಟಬಹುದಾದ ದೇಶ ಅಂತಲ್ಲ. ನನ್ನ ಇಂಟರ್ನ್‌ಶಿಪ್‌ನಲ್ಲಿ ನಾಲ್ಕು ತಿಂಗಳು ನಾನು ಮಾಡಿದ್ದು ರೆಂಡರಿಂಗ್, ಅಂದರೆ ಕಂಪ್ಯೂಟರಿನಲ್ಲಿ ವಿನ್ಯಾಸದ ಚಿತ್ರ ತಯಾರಿಸುವುದು ಮಾತ್ರ, ಯಾಕೆಂದರೆ ಉಳಿದ ಎಲ್ಲಾ ಕೆಲಸಕ್ಕೂ ಫೋನ್ ಎತ್ತಬೇಕಿತ್ತು.

ಡಿಸೈನ್‌ಗೆ, ಕಲೆಗೆ ಹೋಗುವವರಿಗೆ ಆರ್ಕಿಟೆಕ್ಟರ ಹಾಗೆ ನೋಂದಣಿಯ ಹಂಗಿಲ್ಲ, ಅವರಿಗೆ ಪೋರ್ಟ್‌ಫೋಲಿಯೊ, ಅಂದರೆ ತಾವು ಮಾಡಿದ ಕೆಲಸಗಳ ಸಂಗ್ರಹ ಸಾಕು ಅನ್ನುತ್ತಾರೆ. ಕೆಲಸ ಸಿಗುವ ಮಟ್ಟಿಗೆ ಅದು ಸರಿ. ನನ್ನ ಪೋರ್ಟ್‌ಫೋಲಿಯೊ ನೋಡಿಯೇ ಸ್ಟುಡಿಯೊದವರು ಕೆಲಸ ಕೊಡಲು ಒಪ್ಪಿದ್ದು. ಪರ್ಮಿಟ್ ಕೊಡುವ ಕೌಂಟರಿನಲ್ಲಿ ಮಾತ್ರ ಪೋರ್ಟ್‌ಫೋಲಿಯೊ ತೆರೆದು ನೋಡುವವರು ಯಾರೂ ಇರಲಿಲ್ಲ.

ಹಾಗಾಗಿ ದೇಶ ಆರಿಸುವ ಮುಂಚೆ, ಪೋರ್ಟ್‌ಫೋಲಿಯೊ ಮಾಡಲು ಕೂರುವ ಮುಂಚೆಯೇ, ಶಾಲೆಗೆ ಒಂದು ಈಮೇಲ್ ಬರೆಯಿರಿ. ಕನ್ಸಲ್ಟೆನ್ಸಿಗಲ್ಲ, ಶಾಲೆಗೇ. ಈ ಕೋರ್ಸಿನ ಕೊನೆಗೆ ಸಿಗುವ ಪದವಿಯ ಹೆಸರನ್ನು ಆ ದೇಶದ ಭಾಷೆಯಲ್ಲಿ, ಪ್ರಮಾಣಪತ್ರದ ಮೇಲೆ ಅಚ್ಚಾಗುವ ಹಾಗೇ ಬರೆದು ಕಳಿಸಿ ಅಂತ ಕೇಳಿ. ಎಷ್ಟು ಕ್ರೆಡಿಟ್, ಯಾವ ಸರ್ಕಾರಿ ಪಟ್ಟಿಯಲ್ಲಿದೆ, ಈ ಪದವಿಯ ಆಧಾರದ ಮೇಲೆ ಪಿಎಚ್‌ಡಿಗೂ ಓದಿನ ನಂತರದ ಕೆಲಸದ ಅನುಮತಿಗೂ ಅರ್ಜಿ ಹಾಕಬಹುದೇ ಅಂತ ಕೇಳಿ. ಉತ್ತರ ಬಂದ ಮೇಲೆ ಆ ಪಟ್ಟಿಯನ್ನು ನೀವೇ ತೆರೆದು ಹೆಸರು ಹುಡುಕಿ. ಆರ್ಕಿಟೆಕ್ಚರ್ ಆದರೆ ವಾಪಸ್ ಬಂದು ಕೆಲಸ ಮಾಡುವ ದೇಶದ ನೋಂದಣಿ ಮಂಡಳಿಗೂ ಇದೇ ಹೆಸರು ಕಳಿಸಿ ಕೇಳಿ. ಮಾನ್ಯ ಕೋರ್ಸ್ ನಡೆಸುವವರಿಗೆ ಇದಕ್ಕೆಲ್ಲ ಉತ್ತರ ಬರೆಯಲು ಹತ್ತು ನಿಮಿಷ ಸಾಕು.

ಕಳೆದ ತಿಂಗಳು ನನ್ನ ಕಾಲೇಜಿನ ಜೂನಿಯರ್ ಹುಡುಗಿಯೊಬ್ಬಳು ಒಂದು ಬ್ರೋಷರ್ ಕಳಿಸಿದ್ದಳು, “ಅಕ್ಕ, ಇದು ಹೇಗಿದೆ ನೋಡಿ” ಅಂತ. ಬೇರೆ ಶಾಲೆ, ಬೇರೆ ದೇಶ. ಎರಡನೇ ಪುಟದಲ್ಲಿ ಬೇರೆ ಯಾರದೋ ಕುರ್ಚಿ. ಇಬ್ಬರೂ ಕೂತು ಆ ಈಮೇಲ್ ಬರೆದು ಕಳಿಸಿದೆವು. ಮಾರನೇ ದಿನವೇ ಅವಳಿಗೆ ಫೋನ್ ಬಂತು, ಸೀಟು ಖಾಲಿಯಾಗುತ್ತಿದೆ, ಬೇಗ ಮುಂಗಡ ಕಟ್ಟಿ ಅಂತ. ಈಮೇಲಿಗೆ ಉತ್ತರ ಬರೆಯಿರಿ, ಕಟ್ಟುತ್ತೇನೆ ಅಂದಳು. ಆಮೇಲೆ ಇನ್ನೂ ಎರಡು ಸಲ ಫೋನ್ ಬಂದಿದೆ. ಇವತ್ತಿಗೆ ಹನ್ನೊಂದು ದಿನ, ಈಮೇಲಿಗೆ ಉತ್ತರ ಬಂದಿಲ್ಲ. ಅವಳು ದುಡ್ಡು ಕಟ್ಟಿಲ್ಲ.