ಪದ್ಮಿನಿಗೆ ಯಾವ ಕಿಡಿ? ಪಾಯಿಂಟ್, ಟ್ರಾನ್ಸಿಸ್ಟರ್, ಮ್ಯಾಗ್ನೆಟ್: ಮೂರನ್ನೂ ಓಡಿಸಿ ನೋಡಿದ ಹೋಲಿಕೆ

ನಮ್ಮ ತಂದೆಯವರು 1986ರಲ್ಲಿ ಕೊಂಡಿದ್ದ ಪ್ರೀಮಿಯರ್ ಪದ್ಮಿನಿಯನ್ನು ಮೈಸೂರಿನ ಮನೆಯ ಶೆಡ್ಡಿನಲ್ಲೇ ಬಿಚ್ಚಿ, ಮತ್ತೆ ಜೋಡಿಸಿ, ರಸ್ತೆಗೆ ಇಳಿಸಲು ನನಗೆ ಎರಡು ವರ್ಷ ಹಿಡಿಯಿತು. ತಗಡಿನ ಕೆಲಸ, ಬ್ರೇಕು, ಬಣ್ಣ ಎಲ್ಲ ಮುಗಿದ ಮೇಲೂ ಎಂಜಿನ್ ಮಾತ್ರ ಬೆಳಗಿನ ಹೊತ್ತು ಸುಲಭವಾಗಿ ಹೊತ್ತಿಕೊಳ್ಳುತ್ತಿರಲಿಲ್ಲ. ಆಗ ನನ್ನ ಮುಂದೆ ಇದ್ದದ್ದು ಮೂರು ದಾರಿಗಳು: ಕಾರ್ಖಾನೆಯಿಂದ ಬಂದಂತೆಯೇ ಪಾಯಿಂಟ್ (ಕಿಡಿಗಾಗಿ ಪ್ರವಾಹ ಕಡಿಯುವ ಸ್ವಿಚ್ಚು) ಮತ್ತು ಕಂಡೆನ್ಸರ್ (ಆ ಸ್ವಿಚ್ಚು ಸುಡದಂತೆ ಕಾಯುವ ಭಾಗ) ಉಳಿಸಿಕೊಳ್ಳುವುದು, ಪಾಯಿಂಟನ್ನು ಉಳಿಸಿಕೊಂಡು ಅದರ ಹೊರೆಯನ್ನು ಒಂದು ಟ್ರಾನ್ಸಿಸ್ಟರ್ ಪೆಟ್ಟಿಗೆಗೆ ವಹಿಸುವುದು, ಅಥವಾ ಪಾಯಿಂಟನ್ನೇ ತೆಗೆದು ಮ್ಯಾಗ್ನೆಟ್ ಮತ್ತು ಸೆನ್ಸರ್ ಇರುವ ಪೂರ್ಣ ಎಲೆಕ್ಟ್ರಾನಿಕ್ ಕಿಟ್ ಕೂರಿಸುವುದು. ಕ್ಯಾಪು, ರೋಟರ್, ಪ್ಲಗ್ಗು, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಯಾವುದನ್ನೂ ಬದಲಿಸದೆ ಮೂರನ್ನೂ ಒಂದಾದ ಮೇಲೊಂದರಂತೆ ಕೆಲವು ತಿಂಗಳು ಓಡಿಸಿ ನೋಡಿದ್ದೇನೆ.

ಈ ಗಾಡಿ 1964ರಲ್ಲಿ ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಮುಂಬೈಯ ಕುರ್ಲಾದಲ್ಲಿ ತಯಾರಾಗತೊಡಗಿ, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, 1-3-4-2ರ ಫೈರಿಂಗ್ ಆರ್ಡರ್, ಸುಮಾರು 40 ಅಶ್ವಶಕ್ತಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಕಿಡಿಗಳು ಬೇಕು. ಅಷ್ಟನ್ನೂ ಹುಟ್ಟಿಸಬೇಕಾದದ್ದು ಡಿಸ್ಟ್ರಿಬ್ಯೂಟರಿನೊಳಗೆ, ಅಂದರೆ ನಮ್ಮ ಮೆಕ್ಯಾನಿಕ್‌ಗಳು ಡೆಲ್ಕೊ ಎಂದು ಕರೆಯುವ ಡಬ್ಬಿಯೊಳಗೆ, ತೆರೆದು ಮುಚ್ಚುವ ಎರಡು ಪುಟ್ಟ ಲೋಹದ ಬಿಲ್ಲೆಗಳು, ಅಂದರೆ ಪಾಯಿಂಟ್.

ಹೋಲಿಕೆಗೆ ಮೊದಲು ಒಂದು ಮಾತನ್ನು ಹೇಳಲೇಬೇಕು, ಏಕೆಂದರೆ ಇದನ್ನು ಬಿಟ್ಟು ಮಾಡಿದ ಯಾವ ಹೋಲಿಕೆಗೂ ಬೆಲೆಯಿಲ್ಲ. ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ಹಿಡಿದು, ಪಾಯಿಂಟನ್ನು ತೆರೆಯುವ ಕ್ಯಾಮಿನ ನಾಲ್ಕು ಉಬ್ಬುಗಳ ಮೇಲೂ ಪಾಯಿಂಟಿನ ಗ್ಯಾಪ್ ಅಳೆದಾಗ ನನಗೆ ಸಿಕ್ಕಿದ್ದು 0.45, 0.38, 0.50 ಮತ್ತು 0.40 ಮಿ.ಮೀ. ನಾಲ್ಕೂ ಒಂದೇ ಆಗಿರಬೇಕಾದ ಕಡೆ ಇಷ್ಟು ವ್ಯತ್ಯಾಸ ಬರಲು ಕಾರಣ ಪಾಯಿಂಟ್ ಅಲ್ಲ, ಡೆಲ್ಕೊದ ಶಾಫ್ಟನ್ನು ಹಿಡಿದಿಡುವ ಬುಷ್ ಸವೆದು ಶಾಫ್ಟ್ ಅಲುಗಾಡುತ್ತಿದ್ದುದು. ಬೆರಳಿನಿಂದ ಶಾಫ್ಟನ್ನು ಅತ್ತಿತ್ತ ನೂಕಿದರೆ ಆ ಅಲುಗಾಟ ಕೈಗೇ ತಿಳಿಯುತ್ತಿತ್ತು. ಲೇತಿನವರಿಂದ ಗನ್‌ಮೆಟಲ್ ಬುಷ್ ಮಾಡಿಸಿ ಕೂರಿಸಿದ ಮೇಲೆ ನಾಲ್ಕು ಅಳತೆಗಳೂ 0.02ರ ಒಳಗೆ ಬಂದವು. ಬೆಳಗಿನ ಕಾಟದಲ್ಲಿ ಅರ್ಧದಷ್ಟು ಅಲ್ಲಿಗೇ ಮುಗಿಯಿತು. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಹಾಕಿದೊಡನೆ ಗಾಡಿ ಹೊಸದಾಯಿತು ಎಂದು ಹಲವರು ಹೇಳುವುದರ ಹಿಂದೆ ಇರುವುದು ಬಹುಮಟ್ಟಿಗೆ ಈ ಸವೆದ ಬುಷ್ಷೇ ಎಂದು ನನಗೆ ಖಚಿತವಾಗಿದೆ, ಏಕೆಂದರೆ ಪಾಯಿಂಟ್ ಈ ರೋಗವನ್ನು ಬಯಲಿಗೆ ತರುತ್ತದೆ, ಮ್ಯಾಗ್ನೆಟ್ ಸೆನ್ಸರ್ ಅದನ್ನು ಮುಚ್ಚಿಡುತ್ತದೆ.

ಮೊದಲು ಹೊಸ ಬುಷ್ಷಿನೊಂದಿಗೆ ಹಳೆಯ ಪಾಯಿಂಟ್ ವ್ಯವಸ್ಥೆ. ಇದರ ದೊಡ್ಡ ಗುಣವೆಂದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಟೈಮಿಂಗ್ ಇಡಲು, ಅಂದರೆ ಕಿಡಿ ಹಾರುವ ಕ್ಷಣವನ್ನು ಹೊಂದಿಸಲು, ಒಂದು 12 ವೋಲ್ಟಿನ ಬಲ್ಬು ಸಾಕು: ಒಂದು ತುದಿಯನ್ನು ಡೆಲ್ಕೊಗೆ ಬರುವ ಸಣ್ಣ ವೈರಿಗೂ ಇನ್ನೊಂದನ್ನು ಬಾಡಿಗೂ ಸೇರಿಸಿ, ಇಗ್ನಿಷನ್ ಆನ್ ಮಾಡಿ, ಡೆಲ್ಕೊವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ ಪಾಯಿಂಟ್ ತೆರೆದ ಕ್ಷಣದಲ್ಲಿ ಬಲ್ಬು ಹೊತ್ತಿಕೊಳ್ಳುತ್ತದೆ; ಆ ಜಾಗದಲ್ಲೇ ನಟ್ಟು ಬಿಗಿ ಮಾಡಬೇಕು. ಸಂಜೆಯ ಮಬ್ಬಿನಲ್ಲಿ ಶೆಡ್ಡಿನೊಳಗೆ ಆ ಬಲ್ಬು ಹೊತ್ತುವುದನ್ನು ನೋಡಿದಾಗ, ಎಂಜಿನ್ನಿನ ಒಳಗೆ ಏನು ನಡೆಯುತ್ತಿದೆ ಎಂಬುದು ನನಗೆ ಮೊದಲ ಬಾರಿಗೆ ನಿಜವಾಗಿ ಅರ್ಥವಾಯಿತು. ಇದರ ಕೊರತೆಯೂ ಅಷ್ಟೇ ಸ್ಪಷ್ಟ. 3 ಓಮ್ ಕಾಯಿಲ್ ಇದ್ದರೆ ಪಾಯಿಂಟಿನ ಮೂಲಕ ಸುಮಾರು 4 ಆಂಪಿಯರ್ ಹರಿಯುತ್ತದೆ. ಪ್ರತಿ ಸಲ ತೆರೆಯುವಾಗಲೂ ಬಿಲ್ಲೆಗಳ ನಡುವೆ ಸ್ವಲ್ಪ ಸುಡುತ್ತದೆ, ಒಂದರ ಮೇಲೆ ಗುಳಿ ಬೀಳುತ್ತದೆ, ಇನ್ನೊಂದರ ಮೇಲೆ ಗುಬುಟು ಬೆಳೆಯುತ್ತದೆ. ಜೊತೆಗೆ ಕ್ಯಾಮಿಗೆ ತಾಗುವ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗಿ, ಪಾಯಿಂಟ್ ತಡವಾಗಿ ತೆರೆದು, ಟೈಮಿಂಗ್ ಹಿಂದೆ ಬೀಳುತ್ತದೆ. ಹೊಸ ಪಾಯಿಂಟಿನ ಹಿಮ್ಮಡಿ ಮೊದಲ 800 ಕಿ.ಮೀ.ಯಲ್ಲೇ ಗಣನೀಯವಾಗಿ ಸವೆದಿತ್ತು. ಕ್ಯಾಮಿಗೆ ಕಡಲೆಬೇಳೆಯಷ್ಟು ಗ್ರೀಸು ಸವರಿದ ಮೇಲೆ ಸವೆತ ಬಹಳ ಕಡಿಮೆಯಾಯಿತು. ಹೊಸದಾಗಿ ತಂದ ಒಂದು ಕಂಡೆನ್ಸರ್ ಮಾತ್ರ ಎರಡೇ ದಿನಕ್ಕೆ ಕೈಕೊಟ್ಟಿತು. ಹಳೆಯದನ್ನು ಎಸೆಯದೆ ಇಟ್ಟುಕೊಂಡಿದ್ದರಿಂದ ನಂಜನಗೂಡಿನ ರಸ್ತೆಯಿಂದ ಮನೆಗೆ ಬರಲು ಸಾಧ್ಯವಾಯಿತು.

ಎರಡನೆಯದು ಟ್ರಾನ್ಸಿಸ್ಟರ್ ಪೆಟ್ಟಿಗೆ. ಇಲ್ಲಿ ಪಾಯಿಂಟ್ ಕೇವಲ ಸ್ವಿಚ್ಚಿನಂತೆ ಸಂಜ್ಞೆ ಕೊಡುತ್ತದೆ; ಕಾಯಿಲ್ಲಿನ ಪೂರ್ಣ ಪ್ರವಾಹವನ್ನು ಟ್ರಾನ್ಸಿಸ್ಟರ್ ಹೊರುತ್ತದೆ, ಆದ್ದರಿಂದ ಬಿಲ್ಲೆಗಳು ಸುಡುವುದೇ ಇಲ್ಲ. ನಾನು ನಿರೀಕ್ಷಿಸದ ಲಾಭ ಸಿಕ್ಕಿದ್ದು ಚಳಿಯ ಬೆಳಗಿನಲ್ಲಿ. ಸೆಲ್ಫ್ ಹೊಡೆಯುವಾಗ ಎಂಜಿನ್ ಬಹಳ ನಿಧಾನವಾಗಿ ತಿರುಗುವುದರಿಂದ ಬರಿಯ ಪಾಯಿಂಟ್ ಸಾವಕಾಶವಾಗಿ ತೆರೆದು, ಕಾಯಿಲ್ಲಿನ ಶಕ್ತಿಯ ಒಂದು ಪಾಲು ಬಿಲ್ಲೆಗಳ ನಡುವೆಯೇ ಸೋರಿಹೋಗುತ್ತದೆ. ಟ್ರಾನ್ಸಿಸ್ಟರ್ ಇದ್ದರೆ ಪ್ರವಾಹ ಒಮ್ಮೆಲೇ ಕಡಿಯುತ್ತದೆ. ಡಿಸೆಂಬರಿನಲ್ಲಿ ಚೋಕ್ ಎಳೆದು ಮೂರು ನಾಲ್ಕು ಸಲ ಸೆಲ್ಫ್ ಹೊಡೆಯಬೇಕಾಗಿದ್ದ ಗಾಡಿ ಒಂದೇ ಸಲಕ್ಕೆ ಹೊತ್ತಿಕೊಳ್ಳತೊಡಗಿತು. 5000 ಕಿ.ಮೀ. ಆದ ಮೇಲೆ ಬಿಚ್ಚಿ ನೋಡಿದಾಗ ಬಿಲ್ಲೆಗಳು ಹೊಸದರಂತೆಯೇ ಇದ್ದವು. ಹಿಮ್ಮಡಿಯ ಸವೆತ ಮಾತ್ರ ಇಲ್ಲಿಯೂ ತಪ್ಪುವುದಿಲ್ಲ. ಗ್ರೀಸು, ಫೀಲರ್ ಗೇಜ್ ಇವೆರಡನ್ನೂ ಮರೆಯುವಂತಿಲ್ಲ.

ಮೂರನೆಯ ಕಿಟ್ಟಿನಲ್ಲಿ ಸವೆಯುವ ಭಾಗವೇ ಇಲ್ಲ. ಐಡ್ಲಿಂಗ್ ಮೂರರಲ್ಲಿ ಇದರದ್ದೇ ಅತ್ಯಂತ ಸಮ, ಹೆದ್ದಾರಿಯ ವೇಗದಲ್ಲಿಯೂ ಮಿಸ್ಸಿಂಗ್ ಎಂಬುದಿಲ್ಲ, ಮಳೆಗಾಲವಿಡೀ ಡೆಲ್ಕೊದ ಕ್ಯಾಪ್ ತೆಗೆಯುವ ಪ್ರಸಂಗವೇ ಬರಲಿಲ್ಲ. ಟೈಮಿಂಗ್ ಇಡಲು ಬಲ್ಬು ಸಾಲದೆ ಟೈಮಿಂಗ್ ಲೈಟು ಬೇಕಾಯಿತು, ಅಷ್ಟೇ. ಆದರೆ ಒಂದು ಭಾನುವಾರ ಪೆಟ್ರೋಲ್ ಗೇಜಿನ ವೈರಿಂಗ್ ನೋಡುತ್ತ ಎಂಜಿನ್ ಆಫ್ ಇದ್ದಾಗಲೇ ಇಗ್ನಿಷನ್ ಕೀಲಿಯನ್ನು ಇಪ್ಪತ್ತು ನಿಮಿಷ ಆನ್ ಇಟ್ಟುಬಿಟ್ಟೆ. ಕಾಯಿಲ್ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಅಂದು ಸಂಜೆ ಗಾಡಿ ಓಡಿತು, ಮರುದಿನ ಪೇಟೆಯ ನಡುವೆ ಯಾವ ಮುನ್ಸೂಚನೆಯೂ ಇಲ್ಲದೆ ಸಂಪೂರ್ಣ ನಿಂತಿತು. ಪಾಯಿಂಟ್ ಕೆಡುವಾಗ ಪಿಕಪ್ ಕಡಿಮೆಯಾಗುತ್ತದೆ, ಕೆಮ್ಮುತ್ತದೆ, ನಮಗೆ ದಿನಗಟ್ಟಲೆ ಸಮಯ ಕೊಡುತ್ತದೆ. ಇದು ಹಾಗೆ ಕೊಡಲಿಲ್ಲ, ಮತ್ತು ರಸ್ತೆ ಬದಿಯಲ್ಲಿ ಬಿಚ್ಚಿ ಸರಿಮಾಡಲು ಅದರೊಳಗೆ ಏನೂ ಇರಲಿಲ್ಲ.

ಅಳತೆಗಳ ವಿಷಯಕ್ಕೆ ಬಂದರೆ ವ್ಯತ್ಯಾಸ ಜನ ಹೇಳುವಷ್ಟು ದೊಡ್ಡದಲ್ಲ. ಮೂರು ವ್ಯವಸ್ಥೆಗಳಿಗೂ ಟೈಮಿಂಗನ್ನು ಅದೇ ಲೈಟಿನಿಂದ ಅದೇ ಗುರುತಿಗೆ ಇಟ್ಟು, ಚಾಮುಂಡಿ ಬೆಟ್ಟದ ರಸ್ತೆಯನ್ನು ಮೂರನೆಯ ಗೇರಿನಲ್ಲಿ ಹತ್ತಿಸಿ ನಾಕಿಂಗ್ (ಕಿಡಿ ಬೇಗ ಬಂದಾಗ ಕೇಳುವ ಕಟಕಟ ಸದ್ದು) ಇದೆಯೇ ಎಂದು ಕಿವಿಗೊಟ್ಟು ಕೇಳಿದೆ. ಮೂರರಲ್ಲಿಯೂ ಒಂದೇ ರೀತಿ ಹತ್ತಿತು. ಟ್ಯಾಂಕ್ ತುಂಬಿಸಿ ಮತ್ತೆ ತುಂಬಿಸಿ ಲೆಕ್ಕ ಹಾಕಿದಾಗ ಬರಿಯ ಪಾಯಿಂಟಿಗೆ ಲೀಟರಿಗೆ 11.6, ಟ್ರಾನ್ಸಿಸ್ಟರಿಗೆ 12.1, ಮ್ಯಾಗ್ನೆಟ್ಟಿಗೆ 12.2 ಕಿ.ಮೀ. ಬಂತು. ಕೊನೆಯ ಎರಡರ ಅಂತರವನ್ನು ನಾನು ಅಂತರವೆಂದೇ ಎಣಿಸುವುದಿಲ್ಲ. ಎಂಜಿನ್ನಿನ ಹೀರಿಕೆಯನ್ನು ಪಾದರಸದ ಅಂಗುಲಗಳಲ್ಲಿ ಅಳೆಯುವ ವ್ಯಾಕ್ಯೂಮ್ ಗೇಜಿನ ಮುಳ್ಳು ಮೂರರಲ್ಲಿಯೂ ಸುಮಾರು 16 ಅಂಗುಲದಲ್ಲಿ ನಿಂತಿತು. ಮ್ಯಾಗ್ನೆಟ್ಟಿನಲ್ಲಿ ಮಾತ್ರ ಸ್ವಲ್ಪವೂ ನಡುಗಲಿಲ್ಲ. ಪುಸ್ತಕಗಳಲ್ಲಿ ಕೊಡುವ 17ರಿಂದ 20 ಅಂಗುಲದ ಲೆಕ್ಕ ಸಮುದ್ರಮಟ್ಟದ್ದು. ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ಎರಡೂವರೆ ಅಂಗುಲ ಕಡಿಮೆ ತೋರಿಸುವುದು ಸಹಜ, ಅದಕ್ಕೆ ಹೆದರಿ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುವ ಅಗತ್ಯವಿಲ್ಲ.

ಪ್ರತಿದಿನ ಆಫೀಸಿಗೆ ಪದ್ಮಿನಿಯನ್ನೇ ಓಡಿಸುವವರಿಗೆ, ಬಾನೆಟ್ ಎತ್ತಲು ಮನಸ್ಸಿಲ್ಲದವರಿಗೆ, ನಾನು ಮೂರನೆಯದನ್ನೇ ಹೇಳುತ್ತೇನೆ. ಕೀಲಿಯ ವಿಷಯದಲ್ಲಿ ಎಚ್ಚರವಿರಲಿ, ಡಿಕ್ಕಿಯಲ್ಲಿ ಹಳೆಯ ಪಾಯಿಂಟ್ ಪ್ಲೇಟ್ ಇರಲಿ. ನನ್ನ ಗಾಡಿಯಲ್ಲಿ ಈಗ ಉಳಿದಿರುವುದು ಎರಡನೆಯದು. ಟ್ರಾನ್ಸಿಸ್ಟರ್ ಪೆಟ್ಟಿಗೆ ಕೆಟ್ಟರೆ ಎರಡು ವೈರುಗಳನ್ನು ಕಳಚಿ ಕಾಯಿಲ್ಲಿಗೆ ನೇರವಾಗಿ ಸೇರಿಸಿದರೆ ಮುಗಿಯಿತು, ಅದೇ ಪಾಯಿಂಟಿನ ಮೇಲೆ ಗಾಡಿ ಮನೆಗೆ ಬರುತ್ತದೆ. ಅದಕ್ಕಾಗಿ, ಟ್ರಾನ್ಸಿಸ್ಟರ್ ಇರುವಾಗ ಬೇಕಿಲ್ಲದ ಕಂಡೆನ್ಸರನ್ನು ಡೆಲ್ಕೊದ ಪಕ್ಕದಲ್ಲೇ ಸ್ಕ್ರೂ ಹಾಕಿ ಕೂರಿಸಿ, ಅದರ ವೈರಿನ ತುದಿಗೆ ಕೆಂಪು ಟೇಪು ಸುತ್ತಿಟ್ಟಿದ್ದೇನೆ. ಕತ್ತಲಲ್ಲಿ ಟಾರ್ಚ್ ಹಿಡಿದು ಒಮ್ಮೆ ಬದಲಿಸಿ ನೋಡಿದೆ. ನಾಲ್ಕು ನಿಮಿಷ ಸಾಕಾಯಿತು.