ಜೋರ್ಕಿಯ ಹೊಟ್ಟೆಗೆ ಫಿಲ್ಮ್ ಹಾಕುವ ಕೆಲಸ: ಮೂರು ವರ್ಷ ಬಳಸಿದ ಮೇಲೆ

ನನ್ನ ಹತ್ತಿರ ಇರುವುದು ಜೋರ್ಕಿ ಅನ್ನುವ ಹಳೇ ಸೋವಿಯತ್ ಫಿಲ್ಮ್ ಕ್ಯಾಮೆರಾ, ಅದರ ಮೊದಲ ಮಾದರಿ. ಮಾಸ್ಕೋ ಹತ್ತಿರದ ಕ್ರಾಸ್ನೊಗೋರ್ಸ್ಕ್‌ನಲ್ಲಿ 1948ರಿಂದ 1956ರವರೆಗೆ ತಯಾರಾದದ್ದು. ಜರ್ಮನಿಯ ಲೈಕಾ 2 ಕ್ಯಾಮೆರಾದ ಪಡಿಯಚ್ಚು. ಲೆನ್ಸ್ ಹೇಗಿದೆ, ಫೋಕಸ್ ಎಷ್ಟು ಸರಿ ಕೂರುತ್ತದೆ ಅನ್ನೋದನ್ನೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ಅದು ಬಿಡಿ. ನಾನು ಬರೆಯುವುದು ಇದಕ್ಕೆ ರೋಲ್ ಹಾಕುವ ಬಗ್ಗೆ ಮಾತ್ರ. ಯಾಕಂದ್ರೆ ಈ ಮೂರು ವರ್ಷದಲ್ಲಿ ನಾನು ಅತ್ತಿದ್ದೂ ಅದಕ್ಕೇ, ಬೀಗಿದ್ದೂ ಅದಕ್ಕೇ.

ಮೊದಲು ಅತ್ತ ಕಥೆ. ಕ್ಯಾಮೆರಾಗೆ 9,500 ರೂಪಾಯಿ, ಎಣ್ಣೆ-ಗಿಣ್ಣೆ ಹಾಕಿಸಿದ್ದಕ್ಕೆ ಇನ್ನೊಂದು 1,500. ಮೊದಲ ರೋಲ್ ಹಾಕಿಕೊಂಡು ಬೇಲೂರಿನ ತೇರಿಗೆ ಹೋದೆ. ಚೈತ್ರದ ಬಿಸಿಲು, ಹಗ್ಗ ಹಿಡಿದ ಕೈಗಳು, ಗೋಪುರದ ಮುಂದೆ ಹಣ್ಣು ಎಸೆಯುವ ಹುಡುಗರು. ಒಂದೊಂದನ್ನೂ ಯೋಚಿಸಿ ಯೋಚಿಸಿ ಒತ್ತಿದೆ. ಒಂದು ರೋಲ್‌ಗೆ 36 ಫೋಟೋ. ಎಣಿಕೆಯ ಬಿಲ್ಲೆ 36 ದಾಟಿತು. 38 ಆಯಿತು. 40 ಆಯಿತು. ಆಗಲೂ ನನಗೆ ಅನುಮಾನ ಬರಲಿಲ್ಲ ನೋಡಿ, ಅದೃಷ್ಟಕ್ಕೆ ನಾಲ್ಕು ಜಾಸ್ತಿ ಸಿಕ್ಕಿತು ಅಂದುಕೊಂಡೆ! ರಾತ್ರಿ ಮನೆಯಲ್ಲಿ ಫಿಲ್ಮನ್ನು ಅದರ ಡಬ್ಬಿಗೆ ವಾಪಸ್ ಸುತ್ತಲು ಹೋದರೆ ಗುಬುಟು ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಅಡಿ ತೆಗೆದು ನೋಡಿದೆ. ಫಿಲ್ಮ್ ಹಾಕಿದಲ್ಲೇ ಕೂತಿತ್ತು, ಒಂದಿಂಚೂ ಕದಲಿರಲಿಲ್ಲ. ಆ ಬಿಲ್ಲೆ ಎಣಿಸುವುದು ಮುಂದಕ್ಕೆ ಸುತ್ತುವ ಗುಬುಟನ್ನು ನಾವು ತಿರುಗಿಸಿದ್ದನ್ನು. ಒಳಗೆ ಫಿಲ್ಮ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತೇ ಆಗುವುದಿಲ್ಲ.

ತಪ್ಪು ನನ್ನದೇ. ಈ ಕ್ಯಾಮೆರಾಗೆ ಹಿಂದೆ ಬಾಗಿಲಿಲ್ಲ. ಅಡಿಯ ತಗಡು ತೆಗೆದು, ಫಿಲ್ಮನ್ನು ಕೆಳಗಿನಿಂದ ಒಂದು ಸಂದಿಗೆ ಇಳಿಸಬೇಕು. ಆ ಸಂದಿಯಲ್ಲಿ ಫಿಲ್ಮಿನ ಪೂರ್ತಿ ಅಗಲ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ತುದಿಯಲ್ಲಿ ಸುಮಾರು 10 ಸೆಂಟಿಮೀಟರ್ ಉದ್ದ ಅರ್ಧ ಅಗಲದ ನಾಲಿಗೆ ಇರಬೇಕು. ಹಿಂದೆ ರೋಲ್‌ಗಳಿಗೆ ಅಷ್ಟು ಉದ್ದದ ನಾಲಿಗೆಯೇ ಬರುತ್ತಿತ್ತಂತೆ. ಈಗ ಬರುವುದು ಹೆಚ್ಚುಕಮ್ಮಿ 4 ಸೆಂಟಿಮೀಟರ್. ಉಳಿದದ್ದನ್ನು ನಾವೇ ಕತ್ತರಿಸಿಕೊಳ್ಳಬೇಕು. ನಾನು ಕತ್ತರಿಸಿರಲಿಲ್ಲ, ಸುಮ್ನೆ ತುರುಕಿದ್ದೆ.

ಯಾಕೆ ಹೀಗೆ ಮಾಡಿದ್ದರು ಅಂತ ಸಿಟ್ಟಿನಲ್ಲಿ ಓದಿದೆ. ಲೈಕಾ ಮಾರುಕಟ್ಟೆಗೆ ಬಂದದ್ದು 1925ರಲ್ಲಿ. ಅದನ್ನು ರೂಪಿಸಿದ ಆಸ್ಕರ್ ಬರ್ನಾಕ್ ಬಳಸಿದ್ದು ಸಿನಿಮಾ ಫಿಲ್ಮನ್ನು. ಆಗ ಡಬ್ಬಿಯಲ್ಲಿ ತುಂಬಿದ ರೆಡಿಮೇಡ್ ರೋಲ್ ಇರಲಿಲ್ಲ. ಇವತ್ತು ನಾವು ಕೊಳ್ಳುವಂಥ ಡಬ್ಬಿಯನ್ನು ಕೊಡಾಕ್ ತಂದದ್ದು 1934ರಲ್ಲಿ. ಮೊದಲಿನವರು ಕತ್ತಲೆ ಕೋಣೆಯಲ್ಲಿ ಉದ್ದ ಫಿಲ್ಮಿನಿಂದ ತಾವೇ ತುಂಡು ಮಾಡಿ ತುಂಬಿಕೊಳ್ಳುತ್ತಿದ್ದರು. ಕತ್ತರಿ ಹೇಗೂ ಕೈಯಲ್ಲೇ ಇತ್ತಲ್ಲ, ನಾಲಿಗೆ ಕತ್ತರಿಸುವುದು ಅವರಿಗೆ ದೊಡ್ಡ ಮಾತಲ್ಲ. ಬಾಗಿಲಿಲ್ಲದ ಪೆಟ್ಟಿಗೆ ಗಟ್ಟಿ, ಬೆಳಕೂ ನುಗ್ಗುವುದಿಲ್ಲ. ಸರಿ, ಒಪ್ಪಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ಇಳಿಸಿದ್ದು ಅಮ್ಮ.

ಅಮ್ಮ ಮೂವತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಾಳೆ. ಎರಡನೇ ರೋಲ್ ಕತ್ತರಿಸಲು ನಾನು ಅವಳ ದೊಡ್ಡ ಕತ್ತರಿಗೆ ಕೈ ಹಾಕಿದೆ. "ಅದು ಬಟ್ಟೆ ಕತ್ತರಿ ಕಣೇ, ಮುಟ್ಟಬೇಡ" ಅಂತ ಕಿತ್ತುಕೊಂಡಳು. ಆಮೇಲೆ, ಏನು ಕತ್ತರಿಸ್ತಿದ್ದೀಯ ತೋರಿಸು ಅಂದಳು. ಲೈಕಾ ಪುಸ್ತಿಕೆಯ ಚಿತ್ರ ತೋರಿಸಿದೆ. ಕನ್ನಡಕ ಮೇಲೆ ಸರಿಸಿ ನೋಡಿದಳು. "ಇಷ್ಟೇನಾ? ಕಂಕುಳ ಶೇಪ್ ಅಲ್ವಾ ಇದು!"

ನಿಜ. ಉದ್ದಕ್ಕೆ ನೇರ ಬಂದು, ಕೊನೆಯಲ್ಲಿ ಮೆಲ್ಲಗೆ ಬಾಗಿ ಮೇಲಿನ ಅಂಚಿಗೆ ಸೇರಬೇಕು. ಮೂಲೆ ಮಾಡಿದರೆ ಆ ಮೂಲೆಯೇ ಒಳಗೆ ಸಿಕ್ಕಿಕೊಳ್ಳುತ್ತದೆ. ಅಮ್ಮ ತನ್ನ ಮಂಡಿಯ ಹಳೇ ಎಕ್ಸ್‌ರೇ ಶೀಟಿನಿಂದ ಒಂದು ಅಳತೆ ಪಟ್ಟಿ ಕತ್ತರಿಸಿ ಕೊಟ್ಟಳು. ರಟ್ಟಾದರೆ ಅಂಚು ಸವೆಯುತ್ತದೆ, ಇದು ಸವೆಯಲ್ಲ ಅಂದಳು. ನಾಲಿಗೆಯ ಉದ್ದಕ್ಕೆ ಫಿಲ್ಮಿನ ಅಂಚಿನ ತೂತು ಎಣಿಸಿದರೆ 21. ಬಾಗು ಕೊನೆಯಾಗುವುದು ಎರಡು ತೂತಿನ ನಡುವೆ, ತೂತಿನ ಮೇಲಲ್ಲ. ತೂತು ಅರ್ಧ ಕತ್ತರಿಸಿದರೆ ಉಳಿಯುವ ಮುಳ್ಳಿನಂಥ ಚೂರು ಮುರಿದು ಶಟರ್ ಒಳಗೆ ಬೀಳಬಹುದು.

ಈಗ ನನ್ನ ಕ್ರಮ ಹೀಗೆ. ಭಾನುವಾರ ಬೆಳಗ್ಗೆ ಕಾಫಿ ಆದ ಮೇಲೆ ಮಿಷನ್ ಟೇಬಲ್ ಮೇಲೆ ಒಂದು ಬಿಳಿ ಬಟ್ಟೆ ಹಾಸುತ್ತೇನೆ. ಎಕ್ಸ್‌ರೇ ಪಟ್ಟಿ ಇಟ್ಟು ಸಣ್ಣ ಕತ್ತರಿಯಲ್ಲಿ ನಾಲಿಗೆ ಕತ್ತರಿಸುತ್ತೇನೆ. ಅಂಚನ್ನು ಬೆರಳಲ್ಲಿ ಸವರಿ ನೋಡುತ್ತೇನೆ, ಮುಳ್ಳು ಸಿಕ್ಕರೆ ಮತ್ತೆ ಒಂದು ಕೂದಲೆಳೆ. ಕ್ಯಾಮೆರಾ ತಲೆಕೆಳಗು ಮಾಡಿ ಅಡಿಯ ಕೀಲಿ ತಿರುಗಿಸಿದರೆ ತಗಡು ಕೈಗೆ ಬರುತ್ತದೆ. ಫಿಲ್ಮ್ ಸುತ್ತಿಕೊಳ್ಳುವ ಖಾಲಿ ಸ್ಪೂಲ್ ಹೊರಗೆಳೆದು, ಅದರ ಸ್ಪ್ರಿಂಗ್ ಪಟ್ಟಿಯ ಕೆಳಗೆ ನಾಲಿಗೆಯ ತುದಿ ಸಿಕ್ಕಿಸಬೇಕು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಸ್ಪೂಲ್, ನಡುವೆ ಫಿಲ್ಮ್ ತೋರಣದ ಹಾಗೆ. ಎರಡನ್ನೂ ಒಟ್ಟಿಗೆ ಇಳಿಸಿದರೆ ಫಿಲ್ಮ್ ಸಂದಿಗೆ ಜಾರುತ್ತದೆ. ಸರಿಯಾಗಿ ಜಾರಿದಾಗ ಸದ್ದೇ ಬರುವುದಿಲ್ಲ. ಕಿರ್ ಅಂದರೆ ಎಲ್ಲೋ ತಡೆದಿದೆ, ಮತ್ತೆ ಎತ್ತಿ.

ಬೇಲೂರಿನ ಪಾಠಕ್ಕೂ ಅಮ್ಮನೇ ದಾರಿ ಹೇಳಿದ್ದು. "ನಾನು ಅಡಿಯಿಂದ ಬಾಬಿನ್ ಹಾಕಿದ ಮೇಲೆ, ದಾರ ಹಿಡಿಯಿತಾ ಅಂತ ಚಕ್ರ ಕೈಯಲ್ಲಿ ತಿರುಗಿಸಿ ನೋಡಲ್ವಾ? ಇದಕ್ಕೂ ಹಂಗೇ ಏನಾದ್ರೂ ಇರುತ್ತೆ ನೋಡು." ಇತ್ತು. ತಗಡು ಮುಚ್ಚಿದ ಮೇಲೆ ವಾಪಸ್ ಸುತ್ತುವ ಗುಬುಟನ್ನು ಬಾಣದ ಕಡೆಗೆ ಮೆಲ್ಲಗೆ ತಿರುಗಿಸಿ ಒಳಗಿನ ಸಡಿಲ ತೆಗೆಯಬೇಕು. ಬಿಗಿ ಸಿಕ್ಕಿದಲ್ಲಿ ನಿಲ್ಲಿಸಬೇಕು. ಆಮೇಲೆ ಮುಂದಕ್ಕೆ ಸುತ್ತಿದರೆ ಆ ಗುಬುಟು ತಾನಾಗಿ ಉಲ್ಟಾ ತಿರುಗಬೇಕು. ತಿರುಗಿತು ಅಂದರೆ ಫಿಲ್ಮ್ ಹೊರಟಿದೆ. ಎರಡು ಖಾಲಿ ಫೋಟೋ ಹೊಡೆದು ಬಿಲ್ಲೆಯನ್ನು ಸೊನ್ನೆಗೆ ತರುವುದು. ಅಲ್ಲಿಂದ ಮುಂದೆ 25 ರೋಲ್, ಒಂದೂ ಖಾಲಿ ಬಂದಿಲ್ಲ.

ಇಷ್ಟು ಹೊಗಳಿದ್ದು ಮನೆಯ ಮೇಜಿನ ಮೇಲಿನ ಮಾತು. ಹೊರಗೆ ಇದು ಕಾಟವೇ.

ನಿಂತುಕೊಂಡು ಹಾಕಲು ನನಗೆ ಮೂರು ಕೈ ಬೇಕು. ತಗಡು ಎಲ್ಲಿಡುವುದು? ಹಲ್ಲಲ್ಲಿ ಕಚ್ಚಿಕೊಳ್ಳುತ್ತೇನೆ, ಕಬ್ಬಿಣದ ರುಚಿ. ಒಮ್ಮೆ ಸಕಲೇಶಪುರದ ಬಸ್ಸಿನಲ್ಲಿ ಧೈರ್ಯ ಮಾಡಿದೆ. ತಗಡು ತೆಗೆದು ಕ್ಯಾಮೆರಾ ನೆಟ್ಟಗೆ ಹಿಡಿದೆ ನೋಡಿ, ಸ್ಪೂಲ್ ಉದುರಿ ಸೀಟುಗಳ ಕೆಳಗೆ ಹಿಂದಕ್ಕೆ ಉರುಳಿತು. ಆ ಸ್ಪೂಲ್ ಇಲ್ಲದಿದ್ದರೆ ಕ್ಯಾಮೆರಾ ಬರೀ ತೂಕದ ಬಟ್ಟು. ಘಾಟಿ ತಿರುವಿನಲ್ಲಿ ಮಂಡಿಯೂರಿ ಹುಡುಕಿದೆ. ಕೊನೆಗೆ ಹಿಂದಿನ ಸೀಟಿನ ಅಜ್ಜಿ ವೀಳ್ಯದೆಲೆ ಚೀಲದ ಪಕ್ಕದಿಂದ ಎತ್ತಿ, "ನಿಂದೇನವ್ವಾ ಈ ದಾರದುಂಡೆ?" ಅಂತ ಕೊಟ್ಟಿತು. ಅವತ್ತೇ ರಾತ್ರಿ ಇನ್ನೊಂದು ಸ್ಪೂಲ್ ಹುಡುಕಿ ಆರ್ಡರ್ ಮಾಡಿದೆ.

ಇಂಥದ್ದೇ ಅಡಿಯಿಂದ ತುಂಬುವ ಲೈಕಾ ಹಿಡಿದು ಫ್ರಾನ್ಸಿನ ಫೋಟೋಗ್ರಾಫರ್ ಕಾರ್ಟಿಯೆ-ಬ್ರೆಸೊನ್ 1948ರ ಜನವರಿಯಲ್ಲಿ ದೆಹಲಿಯಲ್ಲಿ ಗಾಂಧೀಜಿಯವರ ಅಂತ್ಯಯಾತ್ರೆಯ ಫೋಟೋ ತೆಗೆದ. ಆ ಜನಸಾಗರದಲ್ಲಿ ರೋಲ್ ಹೇಗೆ ಬದಲಿಸಿದನೋ ಅಂತ ಬಸ್ಸಿನ ನೆಲದ ಮೇಲೆ ಕೂತಾಗ ಯೋಚನೆ ಬಂತು.

ಗೆಳತಿಯ ಹತ್ತಿರ ಕ್ಯಾನನ್‌ನ ಕ್ಯಾನೊನೆಟ್ ಕ್ಯೂಎಲ್17 ಇದೆ. ಕ್ಯೂಎಲ್ ಅಂದರೆ ಬೇಗ ತುಂಬುವುದು ಅಂತಲೇ ಅರ್ಥ. ಹಿಂಬಾಗಿಲು ತೆರೆ, ಫಿಲ್ಮಿನ ತುದಿ ಗುರುತಿಗೆ ಎಳೆ, ಮುಚ್ಚು. ಒಮ್ಮೆ ನನ್ನೆದುರೇ ಆಟೋದಲ್ಲಿ ಕೂತು, ಮಾತು ನಿಲ್ಲಿಸದೆ ಹಾಕಿದಳು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಜೋರ್ಕಿಯಲ್ಲೇ ಬೇಕು ಅಂದರೆ 1956ರಲ್ಲಿ ಬಂದ ಜೋರ್ಕಿ 4ರ ಹಿಂಭಾಗ ಪೂರ್ತಿ ಕಳಚಿ ಬರುತ್ತದೆ, ಕತ್ತರಿ ಬೇಡ. ಮದುವೆ-ಮುಂಜಿ, ಜಾತ್ರೆ ತೆಗೆಯುವವರು ಇವೆರಡರಲ್ಲಿ ಒಂದನ್ನು ಕೊಳ್ಳಿ. ನನ್ನದನ್ನು ಕೊಳ್ಳಬೇಡಿ.

ನಾನು ತಿಂಗಳಿಗೆ ಒಂದು ರೋಲ್ ಮೀರುವವಳಲ್ಲ. ರೋಲ್, ತೊಳೆಸುವುದು, ಸ್ಕ್ಯಾನ್ ಎಲ್ಲ ಸೇರಿ 1,200 ದಾಟುತ್ತದೆ, ಅದಕ್ಕಿಂತ ಜಾಸ್ತಿ ನನ್ನ ಸಂಬಳಕ್ಕೆ ಆಗುವುದಿಲ್ಲ. ತಿಂಗಳಿಗೆ ಒಂದು ಭಾನುವಾರ ಹತ್ತು ನಿಮಿಷ ನನಗೆ ಹೊರೆಯಲ್ಲ. ದೂರ ಹೋಗುವುದಿದ್ದರೆ ಎರಡು ರೋಲ್‌ಗಳ ನಾಲಿಗೆ ಮೊದಲೇ ಕತ್ತರಿಸಿ ಡಬ್ಬಿಗೆ ಹಾಕಿಕೊಂಡಿರುತ್ತೇನೆ. ಕೊಳ್ಳಲೇಬೇಕು ಅನ್ನುವವರು ಮಾರುವವರನ್ನು ಮೊದಲು ಕೇಳಬೇಕಾದ್ದು ಒಂದು: ಒಳಗೆ ಸ್ಪೂಲ್ ಇದೆಯಾ? ಅಡಿ ತೆಗೆದು ಫೋಟೋ ಕಳಿಸಲು ಹೇಳಿ. ಮತ್ತೆ ಡೇಟು ಮುಗಿದ ಒಂದು ರೋಲ್ ತಂದು ಕಣ್ಣು ಮುಚ್ಚಿ ಹಾಕುವಷ್ಟು ಅಭ್ಯಾಸ ಮಾಡಿ. ನಾನು ಹತ್ತು ಸಲ ಮಾಡಿದ್ದೆ. ಅಮ್ಮ ಎರಡನೇ ಸಲಕ್ಕೇ ಹಾಕಿದಳು.

ಎಕ್ಸ್‌ರೇ ಪಟ್ಟಿ ಈಗ ಮಿಷನ್ ಪಕ್ಕದ ಮೊಳೆಗೆ, ಗಿರಾಕಿಗಳ ಅಳತೆ ಪೇಪರ್‌ಗಳ ಜೊತೆ ನೇತಾಡುತ್ತದೆ. ಮೇಲೆ ಸೀಮೆಸುಣ್ಣದಲ್ಲಿ ಅಮ್ಮನ ಅಕ್ಷರ: "ಕ್ಯಾಮ್ರ, 21."